ಪುರಸಭೆಯಿಂದ ಪತ್ರಿಕೆಯವರೆಗೆ: ಫ. ಗು. ಹಳಕಟ್ಟಿಯವರ ಊರ ಸೇವೆ

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಹೆಸರನ್ನು ಕೇಳದ ಕನ್ನಡ ಮನೆತನವು ಮಿರಜ-ಸಾಂಗಲಿಗಳ ಈ ಸೀಮೆಯಲ್ಲಿ ಇರಲಾರದು. ಗೆದ್ದಲಿಗೂ ಹೊಗೆಗೂ ತುತ್ತಾಗುತ್ತಿದ್ದ ತಾಡವೋಲೆಗಳನ್ನು ಮನೆಮನೆಗೆ ಹೋಗಿ ಕೂಡಿಸಿ, ಶರಣರ ವಚನಗಳನ್ನು ಅಚ್ಚಿಗೆ ತಂದ ಪುಣ್ಯಪುರುಷರೆಂದು ಅವರನ್ನು ಎಲ್ಲರೂ ನೆನೆಯುತ್ತಾರೆ. ನಮ್ಮ ಮಕ್ಕಳ ಪಾಠಗಳೂ ಇಷ್ಟನ್ನೇ ಹೇಳಿ ಮುಗಿಸುತ್ತವೆ. ಆದರೆ ಅದೇ ಹಳಕಟ್ಟಿಯವರು ಊರ ನೀರು, ಊರ ಶಾಲೆ, ಊರ ಹಣಕಾಸುಗಳ ಚಿಂತೆಯಲ್ಲಿ ತಮ್ಮ ಆಯುಷ್ಯದ ಬಹುಭಾಗವನ್ನು ಸವೆಸಿದರೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಈ ವಾರ್ಷಿಕ ಸಂಚಿಕೆಯಲ್ಲಿ ಆ ಮಗ್ಗುಲನ್ನು ವಾಚಕರ ಮುಂದಿಡಬಯಸುತ್ತೇವೆ.

ಅವರು ಜನಿಸಿದುದು 1880ನೆಯ ಇಸವಿಯ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಬರೆಹಗಾರರು. ತಾಯಿ ಎಳವೆಯಲ್ಲಿಯೇ ತೀರಿಕೊಂಡುದರಿಂದ ಅಜ್ಜಿಯ ಮಡಿಲಲ್ಲಿ ಬೆಳೆದರು. ಅದೇ ವರ್ಷ ಅದೇ ತಿಂಗಳ 12ರಂದು ಬಿಜಾಪುರದಲ್ಲಿ ಆಲೂರ ವೆಂಕಟರಾಯರು ಹುಟ್ಟಿದರು. ಧಾರವಾಡದಲ್ಲಿ ಹುಟ್ಟಿದವರು ಬಿಜಾಪುರಕ್ಕೂ, ಬಿಜಾಪುರದಲ್ಲಿ ಹುಟ್ಟಿದವರು ಧಾರವಾಡಕ್ಕೂ ಸಂದುದು ಕನ್ನಡ ತಾಯಿಯ ಒಂದು ವಿನೋದವೆಂದೇ ನಮಗೆ ತೋರುತ್ತದೆ. ಹಳಕಟ್ಟಿಯವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದಿ ಪದವೀಧರರಾದರು. ಅನಂತರ ಕಾಯದೆಯ ಪರೀಕ್ಷೆಯಲ್ಲಿಯೂ ತೇರ್ಗಡೆ ಹೊಂದಿದರು. ಆ ಮಹಾನಗರದಲ್ಲಿ ಮರಾಠಿಗರೂ ಗುಜರಾತಿಗಳೂ ತಮ್ಮ ತಮ್ಮ ನುಡಿಯಲ್ಲಿ ಸಭೆ, ಪತ್ರಿಕೆ, ಸಂಸ್ಥೆಗಳನ್ನು ನಡೆಸುತ್ತಿದ್ದುದನ್ನು ಕಂಡು, ನಮ್ಮವರಿಗೆ ಇದೇಕೆ ಇಲ್ಲವೆಂಬ ಕೊರಗು ಅವರ ಮನಸ್ಸನ್ನು ಹೊಕ್ಕಿತು. ಮುಂದೆ ಅವರು ಮಾಡಿದ ಕೆಲಸಕ್ಕೆಲ್ಲ ಆ ಕೊರಗೇ ಬೀಜವಾಯಿತೆನ್ನಬಹುದು.

1904ರ ಸುಮಾರಿಗೆ ಅವರು ಬಿಜಾಪುರದಲ್ಲಿ ವಕೀಲಿಯನ್ನು ಆರಂಭಿಸಿದರು. ಈಗಿನ ವಿಜಯಪುರವೇ ಆ ಊರು. ಖಂಡೇರಾಜುರಿಯಂಥ ನಮ್ಮ ಮಿರಜ ತಾಲೂಕಿನ ಊರುಗಳಿಂದ ಜತ್ತಿನ ಮಾರ್ಗವಾಗಿ ಹೊರಟರೆ ದೂರವೇನೂ ಅಲ್ಲ. ಅದೇ ಜೋಳದ ಸೀಮೆ, ಅದೇ ಕೈಕೊಡುವ ಮಳೆ. ಆದಿಲಶಾಹಿ ಅರಸರು ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ತೋಡಿ ನೀರು ತಂದಿದ್ದರು. ತಾಜ ಬಾವಡಿ, ಬೇಗಂ ತಲಾಬುಗಳನ್ನು ಕಟ್ಟಿಸಿದ್ದರು. 1686ರಲ್ಲಿ ಔರಂಗಜೇಬನ ಕೈಗೆ ಸಿಕ್ಕ ಮೇಲೆ ಊರು ಹಾಳು ಬಿದ್ದು, ಆ ವ್ಯವಸ್ಥೆಯೂ ಕೆಟ್ಟಿತು. 1885ರಲ್ಲಿ ಜಿಲ್ಲೆಯ ಕಚೇರಿಯು ಕಲಾದಗಿಯಿಂದ ಅಲ್ಲಿಗೆ ಬಂದುದರಿಂದ ಜನವಸತಿಯು ಮತ್ತೆ ಬೆಳೆಯಿತು. ಜನ ಬಂದರು, ನೀರೆಲ್ಲಿ? ಪುರಸಭೆಯ ಆಡಳಿತದಲ್ಲಿ ಹೊಣೆ ಹೊತ್ತ ಹಳಕಟ್ಟಿಯವರಿಗೆ ಮೊದಲು ಎದುರಾದುದು ಈ ಪ್ರಶ್ನೆಯೇ. ಭೂತನಾಳ ಕೆರೆಯ ನೀರು ಊರಿಗೆ ಒದಗುವಂತೆ ಶ್ರಮಿಸಿದವರಲ್ಲಿ ಅವರ ಹೆಸರು ಮುಂಚೂಣಿಯಲ್ಲಿದೆ. 2016ರಲ್ಲಿ ನಮ್ಮ ಮಿರಜ ನಿಲ್ದಾಣದಿಂದ ಲಾತೂರಿಗೆ ಕೃಷ್ಣೆಯ ನೀರು ರೈಲುಗಾಡಿಯಲ್ಲಿ ಹೋದುದನ್ನು ಕಂಡವರಿಗೆ, ಬರದ ಊರಿಗೆ ಕೆರೆಯೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀರಿನಂತೆಯೇ ವಿದ್ಯೆ, ಹಣ. 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಘವು ಅವರ ಮುಂದಾಳುತನದಲ್ಲಿ ಹುಟ್ಟಿತು. ಇಂದು ಅದು ವೈದ್ಯಕೀಯ ವಿದ್ಯಾಲಯವನ್ನೂ ನಡೆಸುವಷ್ಟು ಹಿರಿದಾಗಿದೆ. 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಸ್ಥಾಪಿತವಾಯಿತು. ಸಾಹುಕಾರರ ಬಡ್ಡಿಯಲ್ಲಿ ಬಳಲುತ್ತಿದ್ದ ಒಕ್ಕಲಿಗರಿಗೂ ಸಣ್ಣ ವ್ಯಾಪಾರಿಗಳಿಗೂ ಸಹಕಾರದ ದಾರಿಯನ್ನು ತೋರಿದವರಲ್ಲಿ ಅವರೂ ಒಬ್ಬರು. 1920ರ ಸುಮಾರಿಗೆ ಮುಂಬಯಿ ಶಾಸನಸಭೆಯ ಸದಸ್ಯತ್ವವೂ ದೊರೆಯಿತು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಲಕ್ಷಿಸಬೇಕು. ಆ ಕಾಲದ ಮುಂಬಯಿ ಇಲಾಖೆಯಲ್ಲಿ ಮೇಲಿನ ಆಡಳಿತವೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಜಿಲ್ಲೆಗಳ ಕಚೇರಿ, ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯ. ಸಭೆಯಲ್ಲಿ ಏನು ನಡೆಯಿತು, ಯಾವ ತೆರಿಗೆ ಏರಿತು, ಯಾವ ಕೆಲಸಕ್ಕೆ ಎಷ್ಟು ಹಣ ಮಂಜೂರಾಯಿತೆಂಬುದು ತೆರಿಗೆ ಕೊಡುವವನಿಗೇ ತಿಳಿಯುತ್ತಿರಲಿಲ್ಲ. ಸದಸ್ಯನು ಒಳ್ಳೆಯವನಾದರೂ ಅವನ ಒಳ್ಳೆಯತನವು ದಫ್ತರದೊಳಗೆ ಉಳಿಯುತ್ತಿತ್ತು. ಕೆಟ್ಟವನಾದರೆ ಕೆಟ್ಟತನವೂ ಅಲ್ಲಿಯೇ ಅಡಗುತ್ತಿತ್ತು. ಇಂದು ನಮ್ಮ ಊರುಗಳ ಗ್ರಾಮಸಭೆಯು ಮರಾಠಿಯಲ್ಲಿ ನಡೆಯುತ್ತದೆ. ಅದು ರಾಜ್ಯದ ಭಾಷೆ, ನೆರೆಹೊರೆಯವರ ನುಡಿ. ಅದರ ಮೇಲೆ ನಮ್ಮ ದೂರೇನೂ ಇಲ್ಲ. ಆದರೆ ಘರಪಟ್ಟಿ ಏಕೆ ಏರಿತು, ನಳಕ್ಕೆ ನೀರು ಯಾವ ಹೊತ್ತಿಗೆ ಬರುವುದೆಂಬುದನ್ನು ಮನೆಯ ಅಜ್ಜಿಗೆ ಕನ್ನಡದಲ್ಲಿ ತಿಳಿಸುವವರು ಬೇಕಲ್ಲವೆ? ಈ ಕಷ್ಟವನ್ನು ಬಲ್ಲ ನಮಗೆ ಹಳಕಟ್ಟಿಯವರು ಮುಂದೆ ಕೈಕೊಂಡ ಕೆಲಸದ ಬೆಲೆಯು ಬೇರೆಯವರಿಗಿಂತ ಹೆಚ್ಚು ಅರ್ಥವಾಗುತ್ತದೆ.

ಮುದ್ರಣದ ಕಷ್ಟವು ಅವರಿಗೆ ಮೊದಲೇ ತಟ್ಟಿತ್ತು. ವಚನಶಾಸ್ತ್ರಸಾರದ ಹಸ್ತಪ್ರತಿಯು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಹೋಗಿ ಹಿಂದಿರುಗಿ ಬಂದಿತ್ತು. ಕಡೆಗೆ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಇನ್ನೊಬ್ಬರ ಯಂತ್ರವನ್ನು ನೆಚ್ಚಿದರೆ ಕಾರ್ಯ ಸಾಗದೆಂದು ಮನಗಂಡು, ಇದ್ದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆ ಹೊರಟಿತು. ಅದು ವಚನಗಳಿಗಾಗಿ, ಧರ್ಮಜಿಜ್ಞಾಸೆಗಾಗಿ. ಮರುವರ್ಷವೇ ನವಕರ್ನಾಟಕವೆಂಬ ವಾರಪತ್ರಿಕೆಯನ್ನು ಆರಂಭಿಸಿದರು. ಇದು ನಾಡಿನ ಸಮಾಚಾರಕ್ಕಾಗಿ, ಸಾರ್ವಜನಿಕ ವಿಷಯಗಳಿಗಾಗಿ. ಶಿವಾನುಭವವನ್ನು ಎಲ್ಲರೂ ಸ್ಮರಿಸುತ್ತಾರೆ, ನವಕರ್ನಾಟಕವನ್ನು ಸ್ಮರಿಸುವವರು ವಿರಳ. ನಮ್ಮ ಅಭಿಪ್ರಾಯದಲ್ಲಿ ಎರಡೂ ಒಂದೇ ಮನಸ್ಸಿನ ಕೆಲಸಗಳು. ಮಠದ ಗಂಟಿನಲ್ಲಿ ಕಟ್ಟಿಟ್ಟ ವಚನವೂ, ಕಚೇರಿಯ ಗಂಟಿನಲ್ಲಿ ಕಟ್ಟಿಟ್ಟ ಲೆಕ್ಕವೂ ಜನರ ಸೊತ್ತು. ಎರಡನ್ನೂ ಬಿಚ್ಚಿ ಜನರ ನುಡಿಯಲ್ಲಿ ಜನರಿಗೆ ಒಪ್ಪಿಸಬೇಕೆಂಬುದು ಅವರ ಬಾಳಿನ ರೀತಿಯಾಗಿತ್ತು.

ಇದರ ಬೆಲೆಯನ್ನು ಅವರೇ ತೆತ್ತರು. ಮನೆ ಮಾರಿದವರು ಬಾಡಿಗೆಯ ಮನೆಯಲ್ಲಿ ಉಳಿದರು. ಸರಕಾರಿ ವಕೀಲರಾಗಿಯೂ ಕೆಲಕಾಲ ದುಡಿದ ಆ ಮನುಷ್ಯ ಹರಿದ ಕೋಟಿಗೆ ತೇಪೆ ಹಾಕಿಸಿ ತೊಟ್ಟರು. ರಾವಸಾಹೇಬ, ರಾವಬಹಾದ್ದೂರ ಬಿರುದುಗಳು ಬಂದವು, ತೇಪೆಗಳು ಹೋಗಲಿಲ್ಲ. 1926ರ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ದೊರೆಯಿತು. ಕನ್ನಡ ನಾಡು ಒಂದಾದ 1956ರಲ್ಲಿಯೇ ಕರ್ನಾಟಕ ವಿಶ್ವವಿದ್ಯಾಲಯವು ಅವರನ್ನು ಡಾಕ್ಟರೇಟ್ ಪದವಿಯಿಂದ ಗೌರವಿಸಿತು. ಆಗ ಅವರಿಗೆ ಎಪ್ಪತ್ತಾರು ವರ್ಷ. ಮುಪ್ಪಿನಲ್ಲಿಯೂ ಕರಡು ತಿದ್ದುವುದನ್ನು ಬಿಡಲಿಲ್ಲ.

1964ರ ಫೆಬ್ರುವರಿಯಲ್ಲಿ ಆಲೂರ ವೆಂಕಟರಾಯರು ಧಾರವಾಡದಲ್ಲಿ ತೀರಿಕೊಂಡರು. ಅದೇ ವರ್ಷದ ಜೂನ್ ತಿಂಗಳಿನಲ್ಲಿ, ಎಂಬತ್ತನಾಲ್ಕು ತುಂಬುವುದಕ್ಕೆ ಕೆಲವೇ ದಿನಗಳಿರುವಾಗ, ಹಳಕಟ್ಟಿಯವರೂ ಲಿಂಗೈಕ್ಯರಾದರು.