ಮಾಧವಕರ

ಮಾಧವಕರ (ಸುಮಾರು ಕ್ರಿ.ಶ. 700) ಪ್ರಾಚೀನ ಭಾರತದ ಆಯುರ್ವೇದ ವಿದ್ವಾಂಸ. ರೋಗಗಳ ಕಾರಣ ಹಾಗೂ ಲಕ್ಷಣಗಳನ್ನು ನಿರೂಪಿಸುವ 'ರೋಗವಿನಿಶ್ಚಯ' ಎಂಬ ಸಂಸ್ಕೃತ ಗ್ರಂಥದ ಕರ್ತೃ. 69 ಅಧ್ಯಾಯಗಳ ಈ ಗ್ರಂಥ 'ಮಾಧವನಿದಾನ' ಎಂದೇ ಪ್ರಸಿದ್ಧವಾಗಿದೆ. ಕೀಲುಗಳ ಊತ ಮತ್ತು ನೋವಿನಿಂದ ಕೂಡಿದ ಆಮವಾತವನ್ನು ಪ್ರತ್ಯೇಕ ರೋಗವೆಂದು ಪರಿಗಣಿಸಿ, ಅದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ ಮೊದಲಿಗ ಈತ.

ಜೀವನ ಮತ್ತು ಕಾಲ

ಮಾಧವಕರನ ತಂದೆಯ ಹೆಸರು ಇಂದುಕರ. ಈತ ಬಂಗಾಳದವನೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಹೆಸರಿನ ಸಾಮ್ಯದಿಂದಾಗಿ ಹಿಂದೆ ಕೆಲವರು ಈತನನ್ನು ವಿಜಯನಗರದ ಮಾಧವಾಚಾರ್ಯರೆಂದು, ಅಂದರೆ ವೇದಭಾಷ್ಯಕಾರ ಸಾಯಣರ ಅಣ್ಣನೆಂದು ಭಾವಿಸಿದ್ದರು. ಆದರೆ ಮಾಧವಾಚಾರ್ಯರು 14ನೆಯ ಶತಮಾನದವರು. ಸುಮಾರು 850ರಲ್ಲಿ ಅಲಿ ಇಬ್ನ್ ರಬ್ಬನ್ ಅಲ್-ತಬರಿ ಅರಬ್ಬಿಯಲ್ಲಿ ರಚಿಸಿದ ವೈದ್ಯಗ್ರಂಥದಲ್ಲೇ 'ನಿದಾನ'ದ ಉಲ್ಲೇಖವಿರುವುದರಿಂದ ಇಬ್ಬರೂ ಬೇರೆ ಬೇರೆ ಎಂಬುದು ಸ್ಪಷ್ಟ. ವಾಗ್ಭಟನ ಶ್ಲೋಕಗಳನ್ನು ಬಳಸಿಕೊಂಡಿರುವುದರಿಂದ ಮಾಧವಕರ ವಾಗ್ಭಟನ ನಂತರದವನು.

ಆಮವಾತ ನಿರೂಪಣೆ

ಚರಕಸಂಹಿತೆಯಲ್ಲಿ ಆಮದ ವಿವರಣೆಯಿದ್ದರೂ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವಿಲ್ಲ. ಮಾಧವಕರ ತನ್ನ 25ನೆಯ ಅಧ್ಯಾಯದಲ್ಲಿ ಈ ರೋಗಕ್ಕೆ ವಿರುದ್ಧಾಹಾರ, ವಿರುದ್ಧ ಚೇಷ್ಟೆ, ಮಂದಾಗ್ನಿ, ದೈಹಿಕ ಚಟುವಟಿಕೆಯ ಅಭಾವ ಮತ್ತು ಜಿಡ್ಡಿನ ಊಟದ ನಂತರದ ವ್ಯಾಯಾಮಗಳನ್ನು ಕಾರಣಗಳೆಂದು ಹೇಳುತ್ತಾನೆ. ಸರಿಯಾಗಿ ಪಚನವಾಗದ ಆಹಾರರಸವೇ ಆಮ. ವಾಯುವಿನಿಂದ ಪ್ರೇರಿತವಾದ ಆಮವು ಕಫದ ಸ್ಥಾನಗಳನ್ನು, ಮುಖ್ಯವಾಗಿ ಸಂಧಿಗಳನ್ನು ಸೇರಿ ರೋಗವನ್ನುಂಟುಮಾಡುತ್ತದೆ. ಮೈಕೈ ನೋವು, ಅರುಚಿ, ಬಾಯಾರಿಕೆ, ಆಲಸ್ಯ, ಮೈಭಾರ, ಜ್ವರ ಮತ್ತು ಅಜೀರ್ಣ ಇದರ ಸಾಮಾನ್ಯ ಲಕ್ಷಣಗಳು. ರೋಗ ಬಲಿತಾಗ ಕೈ, ಕಾಲು, ಮಂಡಿ ಮೊದಲಾದ ಸಂಧಿಗಳು ಊದಿಕೊಂಡು, ಚೇಳು ಕುಟುಕಿದಂತಹ ನೋವು ಉಂಟಾಗುತ್ತದೆ. ಒಂದೇ ದೋಷದಿಂದ ಬಂದದ್ದು ಸಾಧ್ಯ; ಎರಡು ದೋಷಗಳದ್ದು ಹತೋಟಿಯಲ್ಲಿಡಬಹುದಾದದ್ದು; ಮೂರೂ ದೋಷಗಳು ಕೂಡಿ ದೇಹವೆಲ್ಲ ಊದಿಕೊಂಡರೆ ಕಷ್ಟಸಾಧ್ಯ.

ಇಂದಿನ ಆಯುರ್ವೇದ ವಿದ್ವಾಂಸರು ಆಮವಾತವನ್ನು ರುಮಟಾಯ್ಡ್ ಸಂಧಿವಾತಕ್ಕೆ ಹೋಲಿಸುತ್ತಾರೆ. ಆದರೆ ಎರಡೂ ಸಂಪೂರ್ಣವಾಗಿ ಒಂದೇ ಅಲ್ಲ. ಆಧುನಿಕ ವೈದ್ಯಶಾಸ್ತ್ರದ ಪ್ರಕಾರ ರುಮಟಾಯ್ಡ್ ಸಂಧಿವಾತವು ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ದಾಳಿ ಮಾಡುವುದರಿಂದ ಉಂಟಾಗುವ ರೋಗ.

ಪ್ರಭಾವ

ಮಾಧವನಿದಾನವು ರೋಗನಿರ್ಣಯಕ್ಕೆ ಸೀಮಿತವಾಗಿದ್ದು, ಚಿಕಿತ್ಸೆಯನ್ನು ಹೇಳುವುದಿಲ್ಲ. ವೃಂದನು ತನ್ನ 'ಸಿದ್ಧಯೋಗ'ದಲ್ಲಿ ಇದೇ ರೋಗಾನುಕ್ರಮವನ್ನು ಅನುಸರಿಸಿ ಚಿಕಿತ್ಸೆಯನ್ನು ನಿರೂಪಿಸಿದನು. 11ನೆಯ ಶತಮಾನದ ಚಕ್ರಪಾಣಿದತ್ತನೂ ಆಮವಾತದ ಚಿಕಿತ್ಸೆಯನ್ನು ವಿವರಿಸಿದ್ದಾನೆ. ವಿಜಯರಕ್ಷಿತ ಮತ್ತು ಆತನ ಶಿಷ್ಯ ಶ್ರೀಕಂಠದತ್ತ ರಚಿಸಿದ 'ಮಧುಕೋಶ' ಈ ಗ್ರಂಥದ ಪ್ರಸಿದ್ಧ ವ್ಯಾಖ್ಯಾನ. ಬೆಂಗಳೂರಿನ ಧನ್ವಂತರಿ ರಸ್ತೆಯ ಸರ್ಕಾರಿ ಆಯುರ್ವೇದ ಕಾಲೇಜೂ ಸೇರಿದಂತೆ ದೇಶದ ಆಯುರ್ವೇದ ಕಾಲೇಜುಗಳಲ್ಲಿ ರೋಗನಿದಾನದ ಅಧ್ಯಯನಕ್ಕೆ ಮಾಧವನಿದಾನವು ಇಂದಿಗೂ ಆಧಾರಗ್ರಂಥವಾಗಿದೆ.