ಚಾಸಿ ತಿರುಚದ ಲಾರಿ ಕೊಟ್ಟ ಹಾನ್ಸ್ ಲೆಡ್ವಿಂಕಾ: ಗಾಡಿ ಗೆದ್ದಿತು, ಎಂಜಿನಿಯರ್ ಜೈಲು ಸೇರಿದರು

ಕಲ್ಲು ಕ್ವಾರಿ ದಾರಿಯಲ್ಲಿ ಲೋಡ್ ಲಾರಿ ಓಡಿಸಿದವರಿಗೆ ಇದು ಹೊಸದಲ್ಲ. ಮುಂದಿನ ಎಡ ಚಕ್ರ ಬಂಡೆ ಹತ್ತುತ್ತೆ, ಅದೇ ಹೊತ್ತಿಗೆ ಹಿಂದಿನ ಎಡ ಚಕ್ರ ಗುಂಡಿಗೆ ಇಳಿಯುತ್ತೆ. ಚಾಸಿ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತೆ. ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಬಾಡಿಯೂ ಜೊತೆಗೇ ತಿರುಚುತ್ತೆ. ದಿನ ಕಳೆದಂತೆ ಬಾಗಿಲು ಸರಿಯಾಗಿ ಕೂರಲ್ಲ, ವೆಲ್ಡಿಂಗ್ ಬಿಡುತ್ತೆ, ಬಾಡಿ ಬಿರುಕು ಬಿಡುತ್ತೆ.

ಈ ಕಾಟಕ್ಕೆ ನೂರು ವರ್ಷದ ಹಿಂದೆಯೇ ಬೇರೆ ದಾರಿ ಹಿಡಿದವರು ಹಾನ್ಸ್ ಲೆಡ್ವಿಂಕಾ. ಟಟ್ರಾ ಲಾರಿಗಳ ಹಿಂದಿನ ತಲೆ ಇವರದ್ದೇ.

ಲೆಡ್ವಿಂಕಾ ಹುಟ್ಟಿದ್ದು 1878ರಲ್ಲಿ, ಆಸ್ಟ್ರಿಯಾದ ವಿಯೆನ್ನಾ ಹತ್ತಿರದ ಕ್ಲೋಸ್ಟರ್‌ನೋಯ್‌ಬರ್ಗ್‌ನಲ್ಲಿ. 1897ರಲ್ಲಿ, ಇನ್ನೂ 19ರ ವಯಸ್ಸಿಗೆ, ನೆಸೆಲ್ಸ್‌ಡಾರ್ಫ್‌ನ ವ್ಯಾಗನ್ ಕಾರ್ಖಾನೆಗೆ ಕೆಲಸಕ್ಕೆ ಸೇರಿದರು. ಈಗಿನ ಚೆಕ್ ದೇಶದ ಕೊಪ್ರಿವ್ನಿಟ್ಸೆ ಊರು ಅದು. ಆ ಕಾರ್ಖಾನೆಯೇ ಮುಂದೆ ಟಟ್ರಾ ಆಯಿತು. ಅಲ್ಲಿ ತಯಾರಾದ ಮೊದಲ ಕಾರು 'ಪ್ರೆಸಿಡೆಂಟ್'. ಅದರ ಕೆಲಸದಲ್ಲಿ ಈ ಹುಡುಗನ ಕೈಯೂ ಇತ್ತು.

ಮೊದಲ ಮಹಾಯುದ್ಧದ ಸಮಯದಲ್ಲಿ ಅವರು ಆಸ್ಟ್ರಿಯಾದ ಸ್ಟೈರ್ ಕಂಪನಿಗೆ ಹೋದರು. ಜನಸಾಮಾನ್ಯರಿಗೆ ಸಣ್ಣ ಕಾರು ಮಾಡಬೇಕು ಅನ್ನೋದು ಅವರ ಆಸೆ. ಸ್ಟೈರ್‌ನವರಿಗೆ ಅದು ಬೇಡವಾಗಿತ್ತು. 1921ರಲ್ಲಿ ಲೆಡ್ವಿಂಕಾ ತಮ್ಮ ಲೆಕ್ಕಾಚಾರ ಹೊತ್ತುಕೊಂಡು ಹಳೇ ಕಾರ್ಖಾನೆಗೇ ವಾಪಸ್ ಬಂದರು.

1923ರಲ್ಲಿ ಟಟ್ರಾ 11 ಹೊರಬಂತು. ಏಣಿ ಥರದ ಎರಡು ಉದ್ದ ಪಟ್ಟಿಯ ಚಾಸಿ ಅದರಲ್ಲಿ ಇರಲೇ ಇಲ್ಲ. ಬದಲಿಗೆ ನಡುವೆ ಒಂದೇ ಒಂದು ದಪ್ಪ ಕೊಳವೆ, ಮನುಷ್ಯನಿಗೆ ಬೆನ್ನುಮೂಳೆ ಇದ್ದ ಹಾಗೆ. ಮುಂದಿನ ತುದಿಗೆ ಎಂಜಿನ್, ಹಿಂದಿನ ತುದಿಗೆ ಅರ್ಧ ಅರ್ಧ ಆಕ್ಸಲ್. ಶಾಫ್ಟ್ ತಿರುಗೋದು ಕೊಳವೆಯ ಒಳಗೆ, ಹಾಗಾಗಿ ಕೆಸರು ಕಲ್ಲು ತಾಗಲ್ಲ.

ಇದರ ಗುಟ್ಟು ಏನಪ್ಪಾ ಅಂದ್ರೆ, ಮುಚ್ಚಿದ ಕೊಳವೆಯನ್ನು ತಿರುಚೋದು ಬಲು ಕಷ್ಟ. ಒಂದು ರಟ್ಟಿನ ಕೊಳವೆ ತಗೊಂಡು ತಿರುಚಿ ನೋಡಿ, ಜಗ್ಗಲ್ಲ. ಅದನ್ನೇ ಉದ್ದಕ್ಕೆ ಸೀಳಿ ತಿರುಚಿ, ಸುಲಭವಾಗಿ ಬಳುಕುತ್ತೆ. ಸಾಮಾನ್ಯ ಲಾರಿಯ ಸಿ ಆಕಾರದ ಪಟ್ಟಿ ಈ ಸೀಳಿದ ಕೊಳವೆ ಥರ. ಲೆಡ್ವಿಂಕಾ ಗಾಡಿಯಲ್ಲಿ ಗುಂಡಿ ದಿಣ್ಣೆಯ ಏರಿಳಿತವನ್ನೆಲ್ಲ ಆಕ್ಸಲ್‌ಗಳೇ ನುಂಗಿಕೊಳ್ಳುತ್ತವೆ. ಎಡಕ್ಕೊಂದು ಬಲಕ್ಕೊಂದು ತಮ್ಮ ಪಾಡಿಗೆ ಮೇಲೆ ಕೆಳಗೆ ಆಡುತ್ತವೆ. ನಡುವಿನ ಬೆನ್ನುಮೂಳೆ ನೆಟ್ಟಗೇ ಇರುತ್ತೆ, ಬಾಡಿಗೆ ಪೆಟ್ಟು ಕಮ್ಮಿ.

ಕೊಳವೆ ಚಾಸಿಯನ್ನು ಅವರಿಗಿಂತ ಮುಂಚೆಯೂ ಕೆಲವರು ಮಾಡಿ ನೋಡಿದ್ದರು. ಅದನ್ನು ಕಾರಿನಿಂದ ಹಿಡಿದು ಭಾರಿ ಲಾರಿವರೆಗೆ ಕೊಂಡೊಯ್ದು, ದಶಕಗಟ್ಟಲೆ ಓಡುವಂತೆ ಮಾಡಿದ್ದು ಲೆಡ್ವಿಂಕಾ.

ತೊಂದರೆ ಇರಲಿಲ್ಲ ಅಂತಲ್ಲ. ಇಂಥ ಆಕ್ಸಲ್ ಮೇಲೆ ಕೆಳಗೆ ಆಡುವಾಗ ಚಕ್ರ ಓರೆಯಾಗುತ್ತೆ, ಟೈರ್ ಒಂದೇ ಸಮ ಸವೆಯಲ್ಲ. 1934ರ ಟಟ್ರಾ 77, ಆಮೇಲಿನ 87 ಕಾರುಗಳಲ್ಲಿ ಎಂಜಿನ್ ಹಿಂದೆ ಇತ್ತು. ಗಾಳಿ ಸೀಳಿ ಹೋಗುವ ಆ ಕಾರುಗಳು ವೇಗಕ್ಕೆ ಹೆಸರಾದವು, ಆದರೆ ಜೋರಾಗಿ ತಿರುಗಿಸಿದರೆ ಹಿಂಭಾಗ ಜಾರುತ್ತಿತ್ತು.

ಆ ಕಾಲಕ್ಕೆ ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ರೂಪುಗೊಳ್ಳುತ್ತಿತ್ತು. ತಮ್ಮ ವಿನ್ಯಾಸವೇ ಅದರಲ್ಲಿದೆ ಎಂದು ಟಟ್ರಾ ತಕರಾರು ತೆಗೆಯಿತು. ಅಷ್ಟರಲ್ಲಿ ಹಿಟ್ಲರ್ ಸೇನೆ ಚೆಕೊಸ್ಲೊವಾಕಿಯಾಕ್ಕೇ ನುಗ್ಗಿತು, ಕೇಸು ಅಲ್ಲಿಗೆ ನಿಂತಿತು. ರಾಜಿಯಾಗಿದ್ದು 1965ರಲ್ಲಿ. ಆ ಹಣ ಹೋಗಿದ್ದು ಕಂಪನಿಯ ಪಾಲಿಗೆ.

ಯುದ್ಧದ ನಡುವೆ, 1942ರಲ್ಲಿ ಟಟ್ರಾ 111 ಲಾರಿ ಬಂತು. ಕೊಳವೆ ಚಾಸಿ, ರೇಡಿಯೇಟರ್ ನೀರು ಬೇಡದ 12 ಸಿಲಿಂಡರ್ ಡೀಸೆಲ್ ಎಂಜಿನ್. ಯುದ್ಧ ಮುಗಿದ ಮೇಲೆ ಇದೇ ಲಾರಿಗಳು ಸೈಬೀರಿಯಾದ ಕೊರೆಯುವ ಚಳಿಯಲ್ಲಿ ದಾರಿಯೇ ಇಲ್ಲದ ಕಡೆ ಓಡಿದವು.

ಆದರೆ ಲಾರಿ ಓಡುತ್ತಿದ್ದಾಗ ಲೆಡ್ವಿಂಕಾ ಕಂಬಿ ಹಿಂದೆ ಇದ್ದರು. ಜರ್ಮನರ ಆಡಳಿತಕ್ಕೆ ಸಹಕರಿಸಿದರು ಅನ್ನೋ ಆರೋಪದ ಮೇಲೆ ಚೆಕೊಸ್ಲೊವಾಕಿಯಾ ಸರ್ಕಾರ ಅವರನ್ನು ಜೈಲಿಗೆ ಹಾಕಿತ್ತು. 1951ರಲ್ಲಿ ಬಿಡುಗಡೆ ಆದಾಗ ವಯಸ್ಸು 73. ಮತ್ತೆ ಟಟ್ರಾದಲ್ಲಿ ಕೆಲಸ ಮಾಡಲು ಅವರು ಒಪ್ಪಲಿಲ್ಲ, ದೇಶ ಬಿಟ್ಟರು. ಕೊನೆಗಾಲ ಜರ್ಮನಿಯ ಮ್ಯೂನಿಕ್‌ನಲ್ಲಿ ಕಳೆಯಿತು. 1967ರ ಮಾರ್ಚ್ 2ರಂದು ಅಲ್ಲೇ ತೀರಿಕೊಂಡರು.

ಮಗ ಎರಿಕ್ ಲೆಡ್ವಿಂಕಾ ಅಪ್ಪನ ದಾರಿ ಬಿಡಲಿಲ್ಲ. ಆಸ್ಟ್ರಿಯಾದಲ್ಲಿ ಅವರು ವಿನ್ಯಾಸ ಮಾಡಿದ ಹಾಫ್ಲಿಂಗರ್ ಅನ್ನೋ ಪುಟ್ಟ ಬೆಟ್ಟದ ಗಾಡಿಗೂ ನಡುವೆ ಕೊಳವೆಯೇ ಆಧಾರ. ಮರಳುಗಾಡಿನ ಡಕಾರ್ ರ‍್ಯಾಲಿಯಲ್ಲಿ ಕರೆಲ್ ಲೊಪ್ರಾಯಿಸ್ ಟಟ್ರಾ ಲಾರಿ ಓಡಿಸಿ 6 ಸಲ ಗೆದ್ದರು.

ಕರ್ನಾಟಕಕ್ಕೂ ಇದರ ನಂಟಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ, ಕೆಜಿಎಫ್‌ನಲ್ಲಿ ಘಟಕ ಇರುವ ಬೆಮೆಲ್ ಕಂಪನಿ 1980ರ ದಶಕದಿಂದ ಭಾರತೀಯ ಸೇನೆಗೆ ಟಟ್ರಾ ಲಾರಿ ಒದಗಿಸಿದೆ. ಗಣರಾಜ್ಯೋತ್ಸವ ಪರೇಡ್‌ನಲ್ಲಿ ಪಿನಾಕ ರಾಕೆಟ್ ಹೊತ್ತು ಬರೋದು ಇಂಥದ್ದೇ 8 ಚಕ್ರದ ಲಾರಿ. ಮುಂದಿನ ಸಲ ಟಿವಿಯಲ್ಲಿ ನೋಡುವಾಗ ಚಕ್ರಗಳ ಕಡೆ ಕಣ್ಣು ಹಾಯಿಸಿ. ನೆಟ್ಟಗೆ ನಿಲ್ಲದೆ ಕೊಂಚ ಓರೆಯಾಗಿ ಕಂಡರೆ, ಅದು ರಿಪೇರಿಯ ಲಕ್ಷಣ ಅಲ್ಲ, ಲೆಡ್ವಿಂಕಾ ಇಟ್ಟ ಆಕ್ಸಲ್.