ವ್ಯಾಸರಾಯರು: ಬದುಕು ಮತ್ತು ಸಾಧನೆ

ಹೊಸೂರು, ಕೃಷ್ಣಗಿರಿ ಸೀಮೆಯ ಬಡಗಣ ದಿಕ್ಕಿನಲ್ಲಿ, ಕೋಲಾರದ ಆಚೆಗೆ ಮುಳಬಾಗಿಲು ಎಂಬ ಊರಿದೆ. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಆ ಊರು ಶಾಸ್ತ್ರಾಧ್ಯಯನದ ದೊಡ್ಡ ಕೇಂದ್ರವಾಗಿತ್ತು. ಅಲ್ಲಿನ ಗುರು ಶ್ರೀಪಾದರಾಜರ ಬಳಿಗೆ ಕಾಂಚಿಯಲ್ಲಿ ಷಡ್ದರ್ಶನಗಳ ಅಧ್ಯಯನ ಮಾಡಿ ಬಂದ ಒಬ್ಬ ತರುಣ ಸಂನ್ಯಾಸಿ ಹಲವು ವರ್ಷ ನಿಂತು ಕಲಿತನು. ಆತನೇ ಮುಂದೆ ವಿಜಯನಗರದ ಅರಸರಿಗೆ ಗುರುವಾಗಿ, ದ್ವೈತ ವೇದಾಂತದ ಮೇರು ಗ್ರಂಥಗಳ ಕರ್ತೃವಾಗಿ, ಪುರಂದರದಾಸ ಕನಕದಾಸರಿಗೆ ಆಶ್ರಯವಾಗಿ ನಿಂತ ವ್ಯಾಸತೀರ್ಥರು. ನಾಡು ಅವರನ್ನು ವ್ಯಾಸರಾಯರೆಂದೂ ವ್ಯಾಸರಾಜರೆಂದೂ ಕರೆಯುತ್ತದೆ.

ಅವರ ಜೀವನವನ್ನು ತಿಳಿಯಲು ಮೂರು ಬಗೆಯ ಆಧಾರಗಳಿವೆ. ಮೊದಲನೆಯದು ಅವರ ಸಮಕಾಲೀನನಾದ ಸೋಮನಾಥ ಕವಿಯ ಸಂಸ್ಕೃತ ಚಂಪೂಕಾವ್ಯ, 'ವ್ಯಾಸಯೋಗಿಚರಿತ'. ಇದನ್ನು ಬಿ. ವೆಂಕೋಬರಾಯರು ಸಂಪಾದಿಸಿ 1926ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದರು. ಎರಡನೆಯದು ವಿಜಯನಗರ ಮತ್ತು ತಿರುಪತಿಯ ಶಾಸನಗಳು. ಮೂರನೆಯದು ಮಠದ ಪರಂಪರೆಯಲ್ಲಿ, ದಾಸರ ಹಾಡುಗಳಲ್ಲಿ, ಜನರ ಬಾಯಲ್ಲಿ ಉಳಿದ ಐತಿಹ್ಯಗಳು. ಈ ಮೂರಕ್ಕೂ ಬೆಲೆಯುಂಟು. ಆದರೆ ಮೂರೂ ಒಂದೇ ಬಗೆಯ ಸಾಕ್ಷ್ಯಗಳಲ್ಲ. ಕಾವ್ಯ ನಾಯಕನನ್ನು ಹಿಗ್ಗಿಸಿ ಹೇಳುತ್ತದೆ. ಶಾಸನ ಕೊಟ್ಟದ್ದನ್ನು, ಪಡೆದದ್ದನ್ನು ಮಾತ್ರ ಹೇಳುತ್ತದೆ. ಐತಿಹ್ಯ ಜನ ಒಬ್ಬ ವ್ಯಕ್ತಿಯನ್ನು ಹೇಗೆ ಕಂಡರೆಂಬುದನ್ನು ಹೇಳುತ್ತದೆ.

ವ್ಯಾಸತೀರ್ಥರು ಸುಮಾರು 1460ರಲ್ಲಿ ಮೈಸೂರು ಸೀಮೆಯ ಬನ್ನೂರಿನಲ್ಲಿ ಹುಟ್ಟಿದರೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ತಂದೆ ಬಲ್ಲಣ್ಣ, ತಾಯಿ ಲಕ್ಷ್ಮಿ. ಬಹುಕಾಲ ಮಕ್ಕಳಿಲ್ಲದ ಈ ದಂಪತಿಗಳಿಗೆ ಚನ್ನಪಟ್ಟಣದ ಸಮೀಪದ ಅಬ್ಬೂರಿನ ಯತಿ ಬ್ರಹ್ಮಣ್ಯತೀರ್ಥರ ಅನುಗ್ರಹದಿಂದ ಸಂತಾನವಾಯಿತೆಂದೂ, ಹುಟ್ಟುವ ಮಕ್ಕಳಲ್ಲಿ ಒಬ್ಬನನ್ನು ಮಠಕ್ಕೆ ಒಪ್ಪಿಸುವುದಾಗಿ ಅವರು ಮಾತು ಕೊಟ್ಟಿದ್ದರೆಂದೂ ಪ್ರತೀತಿ. ಹಾಗೆ ಹುಟ್ಟುವ ಮೊದಲೇ ಗುರುವಿಗೆ ಸಂದ ಮಗುವಿಗೆ ಯತಿರಾಜನೆಂದು ಹೆಸರಾಯಿತು.

ಬಾಲಕ ಬೇಗನೆ ಅಕ್ಷರ ಕಲಿತನು. ಉಪನಯನವಾಗಿ ಕಾವ್ಯ, ವ್ಯಾಕರಣಗಳನ್ನು ಓದಿದನು. ಬ್ರಹ್ಮಣ್ಯತೀರ್ಥರು ಕರೆ ಕಳುಹಿಸಿದಾಗ ತಂದೆ ತಾಯಿ ಕೊಟ್ಟ ಮಾತನ್ನು ನಡೆಸಿದರು. ಅಬ್ಬೂರಿನ ಮಠದಲ್ಲಿ ಕೆಲಕಾಲ ಇದ್ದ ಹುಡುಗನಿಗೆ ಗುರು ತನಗೆ ಸಂನ್ಯಾಸ ಕೊಡಲಿದ್ದಾರೆಂಬುದು ತಿಳಿದು ಮನಸ್ಸು ಕಲಕಿತು. ಒಂದು ರಾತ್ರಿ ಅವನು ಯಾರಿಗೂ ಹೇಳದೆ ಮಠ ಬಿಟ್ಟು ಹೊರಟನು. ದಾರಿಯಲ್ಲಿ ಒಂದು ಮರದ ಕೆಳಗೆ ಮಲಗಿದ್ದಾಗ ಕನಸಿನಲ್ಲಿ ವಿಷ್ಣು ಕಾಣಿಸಿಕೊಂಡು ಮುಂದಿನ ದಾರಿ ತೋರಿಸಿದನೆಂದೂ, ಬೆಳಗಾದ ಮೇಲೆ ಹುಡುಗ ತಾನಾಗಿ ಮಠಕ್ಕೆ ಮರಳಿದನೆಂದೂ ಸೋಮನಾಥ ಬರೆಯುತ್ತಾನೆ. ನಾಯಕನ ಮಹಿಮೆಯನ್ನೇ ಹಾಡಲು ಕುಳಿತ ಕವಿ ಈ ಅಳುಕನ್ನು ಮುಚ್ಚಿಡಲಿಲ್ಲ. ಹಿರಿಯರು ಕೊಟ್ಟ ಮಾತಿಗೆ ಸಿಕ್ಕಿದ ಬಾಲಕ, ಓಡಿಹೋಗುವ ದಾರಿ ತೆರೆದಿದ್ದಾಗ ಹಿಂದಿರುಗಿದ್ದರಿಂದ, ಸಂನ್ಯಾಸವನ್ನು ತಾನೇ ಆರಿಸಿಕೊಂಡಂತಾಯಿತು. ಬ್ರಹ್ಮಣ್ಯತೀರ್ಥರು ಅವನಿಗೆ ವ್ಯಾಸತೀರ್ಥನೆಂಬ ಆಶ್ರಮನಾಮವನ್ನು ಕೊಟ್ಟರು.

ಗುರುವಿನ ಸಾನ್ನಿಧ್ಯ ಬಹುಕಾಲ ದೊರೆಯಲಿಲ್ಲ. 1475-76ರ ಘೋರ ಕ್ಷಾಮದ ದಿನಗಳಲ್ಲಿ ಬ್ರಹ್ಮಣ್ಯತೀರ್ಥರು ತೀರಿಕೊಂಡರೆಂದು ಚರಿತ್ರಕಾರರು ಹೇಳುತ್ತಾರೆ. ಇನ್ನೂ ಹದಿಹರೆಯದಲ್ಲಿದ್ದ ಶಿಷ್ಯನ ಮೇಲೆ ಪೀಠದ ಹೊಣೆ ಬಿದ್ದಿತು. ಪೀಠ ಬಂದ ಮಾತ್ರಕ್ಕೆ ಪಾಂಡಿತ್ಯ ಬರುವುದಿಲ್ಲವೆಂಬ ಅರಿವು ಅವರಿಗಿತ್ತು. ಅವರು ಕಾಂಚಿಗೆ ಹೊರಟರು. ಆ ಕಾಲದ ದಕ್ಷಿಣದಲ್ಲಿ ಕಾಂಚಿ ಎಲ್ಲ ಮತಗಳ ಪಂಡಿತರೂ ನೆರೆದ ನಗರ. ಅಲ್ಲಿ ನ್ಯಾಯ, ಮೀಮಾಂಸೆ, ಅದ್ವೈತ, ವಿಶಿಷ್ಟಾದ್ವೈತಗಳನ್ನು ಅವರು ಆಯಾ ಮತದವರಿಂದಲೇ ಓದಿದರು. ಮುಂದೆ ಯಾವ ಸಿದ್ಧಾಂತಗಳನ್ನು ಖಂಡಿಸಲಿದ್ದರೋ ಅವುಗಳನ್ನು ಮೊದಲು ವಿದ್ಯಾರ್ಥಿಯ ವಿನಯದಿಂದ ಕಲಿತರು. ಅನಂತರ ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಮಾಧ್ವ ಶಾಸ್ತ್ರದ ಆಳವಾದ ಅಧ್ಯಯನ ನಡೆಯಿತು. ಶ್ರೀಪಾದರಾಜರು 'ರಂಗವಿಠಲ' ಅಂಕಿತದಲ್ಲಿ ಕನ್ನಡ ಹಾಡುಗಳನ್ನು ರಚಿಸಿದವರು. ಶಾಸ್ತ್ರವನ್ನು ಸಂಸ್ಕೃತದಲ್ಲಿ ಬೋಧಿಸುವ ಗುರು ದೇವರನ್ನು ಕನ್ನಡದಲ್ಲಿ ಹಾಡುತ್ತಿದ್ದುದನ್ನು ಶಿಷ್ಯ ಅಲ್ಲಿ ಕಂಡನು.

ಶ್ರೀಪಾದರಾಜರ ಸೂಚನೆಯಂತೆ ವ್ಯಾಸತೀರ್ಥರು ಚಂದ್ರಗಿರಿಗೆ, ಸಾಳುವ ನರಸಿಂಹನ ಆಸ್ಥಾನಕ್ಕೆ ಹೋದರು. ಅಲ್ಲಿನ ವಿದ್ವತ್ಸಭೆಗಳಲ್ಲಿ ಅವರ ವಾದಶಕ್ತಿ ಪ್ರಸಿದ್ಧಿಗೆ ಬಂದಿತು. ತಿರುಮಲೆಯಲ್ಲಿ ಹನ್ನೆರಡು ವರ್ಷ ಅವರೇ ಶ್ರೀನಿವಾಸನ ಪೂಜೆ ನಡೆಸಿದರೆಂದು ಮಠದ ಪರಂಪರೆ ಹೇಳುತ್ತದೆ. ಅವರಿಗೂ ತಿರುಪತಿಗೂ ಇದ್ದ ಸಂಬಂಧವನ್ನು 1524ರ ಶಾಸನಗಳು ಸ್ಪಷ್ಟಪಡಿಸುತ್ತವೆ. ಬನ್ನೂರಿನ ಕನ್ನಡ ಬಾಲಕನ ವಿದ್ಯೆ ತಮಿಳು ನಾಡಿನ ಕಾಂಚಿಯಲ್ಲಿ ಬೆಳೆದು, ಕನ್ನಡ, ತೆಲುಗು, ತಮಿಳು ಕೂಡುವ ಮುಳಬಾಗಿಲಿನಲ್ಲಿ ಪಕ್ವವಾಗಿ, ತೆಲುಗು ಸೀಮೆಯ ಚಂದ್ರಗಿರಿಯಲ್ಲಿ ಕೀರ್ತಿ ಪಡೆಯಿತು. ಇಂದಿನ ರಾಜ್ಯಗಳ ಗಡಿಗಳು ಅಂದು ಇರಲಿಲ್ಲ. ಭಾಷೆಗಳ ಗಡಿಗಳು ವಿದ್ಯೆಗೆ ಅಡ್ಡಿಯಾಗಲಿಲ್ಲ.

ಸಾಳುವರ ಅನಂತರ ಅಧಿಕಾರ ತುಳುವ ವಂಶಕ್ಕೆ ಬಂದಾಗ ವ್ಯಾಸತೀರ್ಥರು ವಿಜಯನಗರದಲ್ಲಿ ನೆಲೆಸಿದರು. ಕಳಿಂಗದಿಂದ ಬಂದ ಬಸವಭಟ್ಟನೆಂಬ ಪಂಡಿತನೊಡನೆ ಮೂವತ್ತು ದಿನ ವಾದ ನಡೆದು ಅವರು ಗೆದ್ದರೆಂಬುದು ಪ್ರಸಿದ್ಧವಾದ ಸಂಗತಿ. 1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯ ಅವರನ್ನು ಅತ್ಯಂತ ಗೌರವದಿಂದ ಕಂಡನು. ರತ್ನಾಭಿಷೇಕ ಮಾಡಿ ಸತ್ಕರಿಸಿದನೆಂದು ಸೋಮನಾಥ ವರ್ಣಿಸುತ್ತಾನೆ. ರಾಯನ ಜಾತಕದಲ್ಲಿ ಕುಹಯೋಗ ಒದಗಿದಾಗ ಅವನ ಪ್ರಾಣ ಉಳಿಸಲು ಆ ಮುಹೂರ್ತದಲ್ಲಿ ಯತಿಗಳೇ ಸಿಂಹಾಸನವೇರಿ ಕುಳಿತರೆಂಬ ಕಥೆ ಐತಿಹ್ಯಕ್ಕೆ ಸೇರಿದ್ದು. ವ್ಯಾಸರಾಜರೆಂಬ ಹೆಸರಿಗೂ ಅರಸನ ಗೌರವಗಳು ಮಠಕ್ಕೆ ಸಂದುದಕ್ಕೂ ಜನ ಕೊಟ್ಟ ವಿವರಣೆ ಅದು. ಏನನ್ನೂ ತನ್ನದೆನ್ನದ ಸಂನ್ಯಾಸಿಯೊಬ್ಬ ಸಿಂಹಾಸನದ ಮೇಲೆ ಕುಳಿತೂ ಅದನ್ನು ಮರಳಿಸಿ ಎದ್ದು ಬಂದನೆಂಬುದು ಆ ಕಥೆಯ ಹುರುಳು.

ಅರಮನೆಯ ಒಡನಾಟದಿಂದ ಮಠಕ್ಕೆ ಭೂಮಿ, ಗ್ರಾಮಗಳು ಬಂದವು. 1526ರ ಕಮಲಾಪುರದ ತಾಮ್ರಶಾಸನದಂತೆ ಕೃಷ್ಣದೇವರಾಯನು ಬೆಟ್ಟಕೊಂಡ ಎಂಬ ಗ್ರಾಮವನ್ನು ಅವರಿಗೆ ದತ್ತಿಯಾಗಿ ಕೊಟ್ಟನು. ಅಲ್ಲಿನ ದೊಡ್ಡ ಕೆರೆಗೆ ವ್ಯಾಸಸಮುದ್ರವೆಂದು ಹೆಸರು. ಮಳೆ ಕಡಮೆಯ ಸೀಮೆಯಲ್ಲಿ ಕೆರೆಯೆಂದರೆ ಊರಿನ ಜೀವ. ಬಾಲ್ಯದಲ್ಲಿ ಕ್ಷಾಮವನ್ನು ಕಂಡವರ ಹೆಸರು ಒಂದು ಕೆರೆಗೆ ಅಂಟಿಕೊಂಡಿರುವುದು ಉಚಿತವಾಗಿಯೇ ಇದೆ. ಹಂಪೆಯ ಚಕ್ರತೀರ್ಥದ ಬಳಿಯ ಯಂತ್ರೋದ್ಧಾರಕ ಆಂಜನೇಯನನ್ನು ಪ್ರತಿಷ್ಠಾಪಿಸಿದವರು ಅವರೇ ಎಂದು ನಂಬಿಕೆ. ನಾಡಿನುದ್ದಕ್ಕೂ ಅವರು 732 ಹನುಮಂತನ ಗುಡಿಗಳನ್ನು ಕಟ್ಟಿಸಿದರೆಂದು ಪರಂಪರೆ ಲೆಕ್ಕ ಹೇಳುತ್ತದೆ.

ಆದರೆ ವ್ಯಾಸತೀರ್ಥರ ನಿಜವಾದ ಆಸ್ತಿ ಅವರ ಗ್ರಂಥಗಳು. 'ನ್ಯಾಯಾಮೃತ', 'ತಾತ್ಪರ್ಯಚಂದ್ರಿಕಾ', 'ತರ್ಕತಾಂಡವ' ಎಂಬ ಮೂರನ್ನು ಒಟ್ಟಾಗಿ ವ್ಯಾಸತ್ರಯವೆನ್ನುತ್ತಾರೆ. ಜಗತ್ತು ಮಿಥ್ಯೆಯೆಂಬ ಅದ್ವೈತದ ನಿಲುವನ್ನು 'ನ್ಯಾಯಾಮೃತ' ನಾಲ್ಕು ಪರಿಚ್ಛೇದಗಳಲ್ಲಿ ಪರೀಕ್ಷಿಸುತ್ತದೆ. ಬ್ರಹ್ಮಸೂತ್ರಗಳಿಗೆ ಬೇರೆ ಬೇರೆ ಆಚಾರ್ಯರು ಹೇಳಿದ ಅರ್ಥಗಳನ್ನು 'ತಾತ್ಪರ್ಯಚಂದ್ರಿಕಾ' ಅಧಿಕರಣ ಅಧಿಕರಣವಾಗಿ ತೂಗಿ ನೋಡುತ್ತದೆ; ಇದು ಮೊದಲ ಎರಡು ಅಧ್ಯಾಯಗಳಿಗೆ ನಿಂತಿತು. ಮಿಥಿಲೆಯ ಗಂಗೇಶೋಪಾಧ್ಯಾಯನಿಂದ ಆರಂಭವಾದ ನವ್ಯನ್ಯಾಯವನ್ನು 'ತರ್ಕತಾಂಡವ' ಅದರದೇ ಪರಿಭಾಷೆಯಲ್ಲಿ ಎದುರಿಸುತ್ತದೆ. ಇವುಗಳಲ್ಲದೆ 'ಭೇದೋಜ್ಜೀವನ'ವೆಂಬ ಚಿಕ್ಕ ಗ್ರಂಥವೂ 'ಮಂದಾರಮಂಜರಿ' ಎಂಬ ಟಿಪ್ಪಣಿಗಳೂ ಇವೆ.

ಅವರ ಕ್ರಮವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಎದುರಾಳಿಯ ಮಾತನ್ನು ಪೂರ್ವಪಕ್ಷವಾಗಿ, ಅದರ ಎಲ್ಲ ಕವಲುಗಳೊಡನೆ, ಮೊದಲು ನಿಲ್ಲಿಸುವುದು. ಆ ಮತದವರೇ ಕೊಡಬಹುದಾದ ಸಮರ್ಥನೆಗಳನ್ನೂ ಸೇರಿಸುವುದು. ಆಮೇಲೆ ಒಂದೊಂದನ್ನೇ ತೆಗೆದುಕೊಂಡು ವಿಚಾರಿಸುವುದು. ದುರ್ಬಲವಾದ ಪೂರ್ವಪಕ್ಷವನ್ನು ಕಟ್ಟಿ ಕೆಡವುವುದು ಅವರ ರೀತಿಯಲ್ಲ. ಆದ್ದರಿಂದಲೇ ಅವರ ಗ್ರಂಥಕ್ಕೆ ಬಂದ ಉತ್ತರವೂ ಅಷ್ಟೇ ಗಟ್ಟಿಯಾಗಿತ್ತು. ಮಧುಸೂದನ ಸರಸ್ವತಿಯವರು 'ನ್ಯಾಯಾಮೃತ'ವನ್ನು ಹಿಂಬಾಲಿಸುತ್ತ 'ಅದ್ವೈತಸಿದ್ಧಿ'ಯನ್ನು ಬರೆದರು. ಅದಕ್ಕೆ ಮಾಧ್ವ ಪಕ್ಷದಿಂದ ವ್ಯಾಸ ರಾಮಾಚಾರ್ಯರ 'ತರಂಗಿಣಿ' ಬಂದಿತು. 'ಅದ್ವೈತಸಿದ್ಧಿ'ಯ ಪರವಾಗಿ ಬ್ರಹ್ಮಾನಂದರು ಮತ್ತೆ ಬರೆದರು. ಹೀಗೆ ತಲೆಮಾರುಗಳ ಕಾಲ ನಡೆದ ಈ ವಾದಮಾಲೆ ಎರಡೂ ಮತಗಳನ್ನು ಬೆಳೆಸಿತು. ಅದ್ವೈತದ ಶ್ರೇಷ್ಠ ಗ್ರಂಥವೊಂದು ಹುಟ್ಟಲು ದ್ವೈತದ ಗ್ರಂಥ ಕಾರಣವಾಯಿತೆಂಬುದು ಭಾರತೀಯ ಚಿಂತನೆಯ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ.

ಇಂಥ ಕಠಿಣ ಶಾಸ್ತ್ರಕಾರರ ಮಠದಲ್ಲೇ ಕನ್ನಡದ ಹರಿದಾಸ ಸಾಹಿತ್ಯ ಹೂಬಿಟ್ಟಿತು. ನವಕೋಟಿ ನಾರಾಯಣನೆನಿಸಿದ್ದ ವರ್ತಕ ಶ್ರೀನಿವಾಸನಾಯಕ ಸಂಪತ್ತನ್ನು ತೊರೆದು ಬಂದು, ವ್ಯಾಸರಾಯರಿಂದ ದೀಕ್ಷೆ ಪಡೆದು ಪುರಂದರದಾಸನಾದನು. ಬಾಡದ ಕನಕನೂ ಅವರ ಶಿಷ್ಯನಾದನು. ಕನಕ ಕುರುಬ ಸಮುದಾಯದವನು. ಅವನನ್ನು ಮಠ ಹತ್ತಿರ ಸೇರಿಸಿದ್ದು ಅಲ್ಲಿನ ಪಂಡಿತರಿಗೆ ಸರಿಬರಲಿಲ್ಲವೆಂದು ಐತಿಹ್ಯಗಳು ಒಂದೇ ಧ್ವನಿಯಲ್ಲಿ ಹೇಳುತ್ತವೆ. ಶಿಷ್ಯರಿಗೆಲ್ಲ ಬಾಳೆಹಣ್ಣು ಕೊಟ್ಟು ಯಾರೂ ಕಾಣದ ಕಡೆ ತಿಂದು ಬರಲು ಗುರು ಹೇಳಿದಾಗ, ದೇವರು ಕಾಣದ ಜಾಗ ಸಿಗಲಿಲ್ಲವೆಂದು ಕನಕನೊಬ್ಬನೇ ಹಣ್ಣನ್ನು ಹಿಂದಕ್ಕೆ ತಂದ ಕಥೆಯನ್ನು ಕನ್ನಡದ ಮಕ್ಕಳೆಲ್ಲ ಬಲ್ಲರು. ಅದು ನಡೆದ ಸಂಗತಿಯೋ ಅಲ್ಲವೋ ಎಂಬುದಕ್ಕಿಂತ, ಆ ಕಥೆಯಲ್ಲಿ ಪರೀಕ್ಷೆ ನಿಜಕ್ಕೂ ಯಾರಿಗೆ ಎಂಬುದು ಮುಖ್ಯ. ಕುಲವನ್ನು ನೋಡಿ ಯೋಗ್ಯತೆಯನ್ನು ಅಳೆಯುತ್ತಿದ್ದವರು ಅಲ್ಲಿ ಉತ್ತರವಿಲ್ಲದೆ ನಿಲ್ಲುತ್ತಾರೆ.

ಸಂಸ್ಕೃತದಲ್ಲಿ ಶಾಸ್ತ್ರ ನಡೆಸುವ ಪಂಡಿತರ ಬಳಗ ವ್ಯಾಸಕೂಟ, ಕನ್ನಡದಲ್ಲಿ ಹಾಡುವವರ ಬಳಗ ದಾಸಕೂಟ ಎಂದು ಸಾಹಿತ್ಯ ಚರಿತ್ರೆಗಳು ವಿಂಗಡಿಸುತ್ತವೆ. ವ್ಯಾಸರಾಯರು ಈ ಎರಡರಲ್ಲಿಯೂ ಕಾಲಿಟ್ಟವರು. 'ಶ್ರೀಕೃಷ್ಣ' ಅಂಕಿತದ ಅವರ ಕೀರ್ತನೆಗಳು ಇಂದಿಗೂ ಹಾಡಿಕೆಯಲ್ಲಿವೆ. ತರ್ಕಗ್ರಂಥದಲ್ಲಿ ಒಂದು ಅಕ್ಷರವನ್ನೂ ಸಡಿಲ ಬಿಡದವರು, ಹಾಡಿನಲ್ಲಿ ಬಾಲಕೃಷ್ಣನನ್ನು ಕರೆಯುವ ತಾಯಿಯಾಗುತ್ತಾರೆ. ತಾವೇ ದೀಕ್ಷೆ ಕೊಟ್ಟ ಪುರಂದರದಾಸರನ್ನು ನಿಜವಾದ ದಾಸರೆಂದು ಕೊಂಡಾಡಿದ ಹಾಡೂ ಅವರ ಹೆಸರಿನಲ್ಲಿದೆ. ಗುರು ಶಿಷ್ಯನನ್ನು, ಅದೂ ದೇಶಭಾಷೆಯ ಹಾಡುಗಾರನನ್ನು, ಹೀಗೆ ಎತ್ತರದಲ್ಲಿ ಕೂರಿಸಿದ್ದು ಅಂದಿನ ವಿದ್ವತ್ ಪ್ರಪಂಚದಲ್ಲಿ ಧೈರ್ಯದ ಕಾರ್ಯವೇ ಸರಿ. ಮುಳಬಾಗಿಲಿನಲ್ಲಿ ಗುರುವಿನಿಂದ ಕಂಡುಕೊಂಡದ್ದನ್ನು ಅವರು ರಾಜಧಾನಿಯಲ್ಲಿ ಬೆಳೆಸಿದರು.

ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡ ಮೇಲೆ ಅಚ್ಯುತರಾಯನ ಕಾಲದಲ್ಲಿಯೂ ವ್ಯಾಸರಾಯರ ಗೌರವ ಕುಂದಲಿಲ್ಲ. 1539ರ ಫಾಲ್ಗುಣ ಬಹುಳ ಚತುರ್ಥಿಯಂದು ಅವರು ಹರಿಪದವನ್ನು ಸೇರಿದರು. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವವೃಂದಾವನಗಳಲ್ಲಿ ಅವರದೂ ಒಂದು. ಅವರ ಪರಂಪರೆ ಇಂದು ಸೋಸಲೆ ಮತ್ತು ಕುಂದಾಪುರದ ವ್ಯಾಸರಾಜ ಮಠಗಳಾಗಿ ಮುಂದುವರಿದಿದೆ.

2019ರ ಜುಲೈ ತಿಂಗಳಲ್ಲಿ ದುಷ್ಕರ್ಮಿಗಳು ನಿಧಿಯ ಆಸೆಯಿಂದ ಆ ವೃಂದಾವನವನ್ನು ಒಡೆದು ಹಾಕಿದರು. ಸುದ್ದಿ ತಿಳಿದ ಭಕ್ತರು ಒಡನೆಯೇ ಸೇರಿ ಅದನ್ನು ಮರಳಿ ನಿಲ್ಲಿಸಿದರು. ಅರಸನಿಂದ ರತ್ನಾಭಿಷೇಕ ಮಾಡಿಸಿಕೊಂಡವರ ಸಮಾಧಿಯಲ್ಲಿ ಹೊನ್ನು ಇದ್ದೀತೆಂದು ಅಗೆದವರಿಗೆ ಅವರ ಬದುಕು ತಿಳಿದಿರಲಿಲ್ಲ. ಅವರು ಕೂಡಿಟ್ಟದ್ದು ಗ್ರಂಥಗಳಲ್ಲಿದೆ, ಹಾಡುಗಳಲ್ಲಿದೆ, ಅವರ ಶಿಷ್ಯರ ಬಾಳಿನಲ್ಲಿದೆ. ಹರಿದಾಸ ಸಾಹಿತ್ಯವನ್ನು ಪಠ್ಯವಾಗಿ ಓದುವ ವಿದ್ಯಾರ್ಥಿ ಪುರಂದರ, ಕನಕರ ಹಾಡುಗಳ ಹಿಂದೆ ನಿಂತ ಈ ಗುರುವನ್ನೂ ನೆನೆಯಬೇಕು. ಅನುಕೂಲವಾದಾಗ ಮುಳಬಾಗಿಲಿಗೆ ಹೋಗಿ ನರಸಿಂಹತೀರ್ಥದಲ್ಲಿರುವ ಶ್ರೀಪಾದರಾಜರ ವೃಂದಾವನವನ್ನು ನೋಡಿ ಬಂದರೆ, ಆ ಓದು ಇನ್ನಷ್ಟು ಹತ್ತಿರವಾಗುತ್ತದೆ.